ಆರು ಸಾವಿರ ರನ್, ನಾಲ್ಕು ನೂರು ವಿಕೆಟ್: ಜಲಜ್ ಸಕ್ಸೇನಾ ಕುರಿತು ಓದುಗರ ಪ್ರಶ್ನೆಗಳು

ರಣಜಿ ಟ್ರೋಫಿಯ ಬಗ್ಗೆ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಬ್ಬನೇ ಆಟಗಾರನ ಸುತ್ತ ಇದ್ದುದರಿಂದ, ಈ ಬಾರಿ ಬೇರೆ ವಿಷಯಗಳನ್ನು ಬದಿಗಿಟ್ಟು ಅವುಗಳನ್ನಷ್ಟೇ ಒಟ್ಟಿಗೆ ಎತ್ತಿಕೊಳ್ಳಲಾಗಿದೆ.

ಪ್ರಶ್ನೆ: ರಣಜಿ ಟ್ರೋಫಿಯಲ್ಲಿ ಆರು ಸಾವಿರ ರನ್ ಮತ್ತು ನಾಲ್ಕು ನೂರು ವಿಕೆಟ್ ಎರಡನ್ನೂ ಪೂರೈಸಿದ ಮೊದಲ ಆಟಗಾರ ಜಲಜ್ ಸಕ್ಸೇನಾ ಎಂದು ಓದಿದ್ದೇನೆ. ಇಷ್ಟು ಸಾಧಿಸಿದವರು ಭಾರತದ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ ಎಂದರೆ ಅದು ಅನ್ಯಾಯವಲ್ಲವೇ? ಆಯ್ಕೆಗಾರರ ಕಣ್ಣಿಗೆ ಇವರು ಬೀಳಲೇ ಇಲ್ಲವೇ?
— ಓದುಗರು, ಹಾವೇರಿ

ಉತ್ತರ: ನೀವು ಓದಿದ್ದು ಸರಿ. 2024ರ ನವೆಂಬರ್‌ನಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ಉತ್ತರ ಪ್ರದೇಶದ ವಿರುದ್ಧ ಐದು ವಿಕೆಟ್ ಪಡೆದಾಗ ಸಕ್ಸೇನಾ ರಣಜಿಯಲ್ಲಿ ನಾಲ್ಕು ನೂರು ವಿಕೆಟ್‌ಗಳ ಗಡಿಯನ್ನು ದಾಟಿದರು. ಆರು ಸಾವಿರ ರನ್ ಅದಾಗಲೇ ಅವರ ಹೆಸರಿನಲ್ಲಿತ್ತು. 1934ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಅದುವರೆಗೆ ಯಾರೂ ಈ ಎರಡನ್ನೂ ಒಟ್ಟಿಗೆ ಮುಟ್ಟಿರಲಿಲ್ಲ. ಆಯ್ಕೆಗಾರರ ಕಣ್ಣಿಗೆ ಬಿದ್ದಿಲ್ಲ ಎನ್ನುವುದು ಮಾತ್ರ ಸರಿಯಲ್ಲ. ಅವರು ಭಾರತ ‘ಎ’ ತಂಡದಲ್ಲಿ ಆಡಿದ್ದಾರೆ, ರಣಜಿಯ ಶ್ರೇಷ್ಠ ಆಲ್‌ರೌಂಡರ್‌ಗೆ ಕ್ರಿಕೆಟ್ ಮಂಡಳಿ ಕೊಡುವ ಲಾಲಾ ಅಮರನಾಥ್ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಪಡೆದಿದ್ದಾರೆ. ಅವರನ್ನು ಎಲ್ಲರೂ ನೋಡಿದ್ದರು. ನೋಡಿದ ಮೇಲೂ ಕರೆಯಲಿಲ್ಲ, ಏಕೆ ಎಂಬುದನ್ನು ನಾವು ಕೇಳಬೇಕಾಗಿದೆ.

ಇಂದೋರ್‌ನ ಈ ಹುಡುಗ 2005ರಲ್ಲಿ ಮಧ್ಯ ಪ್ರದೇಶದ ಪರ ರಣಜಿ ಪ್ರವೇಶಿಸಿದಾಗ ಹತ್ತೊಂಬತ್ತರ ಆಸುಪಾಸಿನಲ್ಲಿದ್ದ. ಅಲ್ಲಿ ಅವರು ಹೆಚ್ಚಾಗಿ ಮಾಡಿದ ಕೆಲಸವೆಂದರೆ ಇನಿಂಗ್ಸ್ ಆರಂಭಿಸುವುದು ಮತ್ತು ಆಫ್ ಸ್ಪಿನ್ ಹಾಕುವುದು. ಈ ಜೋಡಿ ಎಷ್ಟು ಕಷ್ಟದ್ದೆಂದು ಅಂಕಿ ಅಂಶ ಹೇಳುವುದಿಲ್ಲ. ಎದುರಾಳಿ ತಂಡ ಒಂದೂವರೆ ದಿನ ಬ್ಯಾಟ್ ಮಾಡಿ, ಅಷ್ಟೂ ಹೊತ್ತು ಒಂದು ತುದಿಯಿಂದ ನಲವತ್ತು ಓವರ್ ಹಾಕಿದವನೇ ಹತ್ತು ನಿಮಿಷದ ವಿರಾಮದಲ್ಲಿ ಪ್ಯಾಡ್ ಕಟ್ಟಿಕೊಂಡು ಹೊಸ ಚೆಂಡನ್ನು ಎದುರಿಸಲು ಹೊರಡಬೇಕು. ಆರನೆಯ ಅಥವಾ ಏಳನೆಯ ಕ್ರಮಾಂಕದ ಆಲ್‌ರೌಂಡರ್‌ಗೆ ಸಿಗುವ ನಾಲ್ಕಾರು ಗಂಟೆಗಳ ವಿಶ್ರಾಂತಿ ಆರಂಭಿಕನಿಗೆ ಇಲ್ಲ. ಇದನ್ನು ವರ್ಷಗಟ್ಟಲೆ ಮಾಡಿಯೂ ಅವರ ಪ್ರಥಮ ದರ್ಜೆಯ ಬ್ಯಾಟಿಂಗ್ ಸರಾಸರಿ ಮೂವತ್ತಕ್ಕಿಂತ ಮೇಲೆ, ಬೌಲಿಂಗ್ ಸರಾಸರಿ ಇಪ್ಪತ್ತೈದರ ಆಸುಪಾಸಿನಲ್ಲಿ ಉಳಿದಿದೆ. ಆಲ್‌ರೌಂಡರ್‌ನನ್ನು ಅಳೆಯಲು ಜಾಣರು ಬಳಸುವ ಸುಲಭದ ಸೂತ್ರವೊಂದಿದೆ: ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿರಬೇಕು. ಅದರ ಪ್ರಕಾರ ಸಕ್ಸೇನಾ ನಿರಾಯಾಸವಾಗಿ ಉತ್ತೀರ್ಣರಾಗುತ್ತಾರೆ.

ಹಾಗಾದರೆ ಕ್ಯಾಪ್, ಅಂದರೆ ಭಾರತದ ಪರ ಆಡುವ ಅವಕಾಶ, ಏಕೆ ಸಿಗಲಿಲ್ಲ? ಭಾರತ ತಂಡದಲ್ಲಿ ಆಫ್ ಸ್ಪಿನ್ ಹಾಕಿ ಬ್ಯಾಟ್ ಮಾಡಬಲ್ಲವನಿಗೆ ಇರುವುದು ಒಂದೇ ಜಾಗ ಎಂಬುದು ಮೊದಲ ಕಾರಣ. ಸಕ್ಸೇನಾ ಪ್ರಬುದ್ಧರಾಗುವ ಹೊತ್ತಿಗೆ, 2011ರ ನವೆಂಬರ್‌ನಲ್ಲಿ, ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ರವಿಚಂದ್ರನ್ ಅಶ್ವಿನ್ ಆ ಜಾಗದಲ್ಲಿ ಕುಳಿತರು. 2024ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಅವರು ಎದ್ದಾಗ ಅವರ ಹೆಸರಿನಲ್ಲಿ 537 ಟೆಸ್ಟ್ ವಿಕೆಟ್‌ಗಳೂ ಆರು ಶತಕಗಳೂ ಇದ್ದವು. ಇಬ್ಬರೂ ಹುಟ್ಟಿದ್ದು 1986ರಲ್ಲಿ, ಮೂರು ತಿಂಗಳ ಅಂತರದಲ್ಲಿ. ತನಗಿಂತ ಹತ್ತು ವರ್ಷ ಹಿರಿಯನ ನೆರಳಿನಲ್ಲಿದ್ದವನು ಕಾಯುತ್ತಾ ಕುಳಿತುಕೊಳ್ಳಬಹುದು. ಓರಗೆಯವನ ಹಿಂದೆ ನಿಂತವನಿಗೆ ಸರದಿ ಬರುವಷ್ಟರಲ್ಲಿ ಇಬ್ಬರಿಗೂ ವಯಸ್ಸಾಗಿರುತ್ತದೆ. ಇನ್ನೊಂದು ತುದಿಯಲ್ಲಿ, 2012ರಿಂದ, ರವೀಂದ್ರ ಜಡೇಜ ಇದ್ದರು. ಅವರು ಎಡಗೈಯವರಾದ್ದರಿಂದ ನೇರ ಪೈಪೋಟಿ ಇಲ್ಲವೆಂದು ತೋರಬಹುದು, ಆದರೆ ಸ್ಪಿನ್ ಆಲ್‌ರೌಂಡರ್‌ನ ಕೊರತೆ ಎಂಬುದು ಆ ದಶಕದ ಭಾರತ ತಂಡಕ್ಕೆ ಇರಲೇ ಇಲ್ಲ.

ಆದರೂ ಈ ವಾದವನ್ನು ಪೂರ್ತಿಯಾಗಿ ಒಪ್ಪಲು ನನಗೆ ಮನಸ್ಸಿಲ್ಲ. ಅಶ್ವಿನ್ ಇದ್ದ ಕಾಲದಲ್ಲೇ ಬೇರೆಯವರಿಗೆ ಬಾಗಿಲು ತೆರೆದಿತ್ತು. 2016ರಲ್ಲಿ ಹರಿಯಾಣದ ಜಯಂತ್ ಯಾದವ್ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು, ಮುಂಬೈಯಲ್ಲಿ ಒಂಬತ್ತನೆಯ ಕ್ರಮಾಂಕದಲ್ಲಿ ಬಂದು ಶತಕವನ್ನೂ ಹೊಡೆದರು. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಗಾಯಾಳುಗಳ ನಡುವೆ ಹನ್ನೊಂದು ಮಂದಿಯನ್ನು ಹೊಂದಿಸಬೇಕಾದಾಗ ನೆಟ್ ಬೌಲರ್ ಆಗಿ ಅಲ್ಲಿ ಉಳಿದಿದ್ದ ವಾಷಿಂಗ್ಟನ್ ಸುಂದರ್ ಒಳಗೆ ಬಂದರು. ಅವರು ಮೂರು ವರ್ಷಗಳಿಂದ ಒಂದೂ ಪ್ರಥಮ ದರ್ಜೆ ಪಂದ್ಯ ಆಡಿರಲಿಲ್ಲ. ಅದಕ್ಕೂ ಹಿಂದೆ ಆಡಿದ್ದು ಹನ್ನೆರಡೇ ಪಂದ್ಯ. ಮೊದಲ ಇನಿಂಗ್ಸ್‌ನಲ್ಲೇ ಅರ್ಧ ಶತಕ ಹೊಡೆದು, ಮೂರು ವಿಕೆಟ್ ಪಡೆದು, ಆಯ್ಕೆಯನ್ನು ಸಮರ್ಥಿಸಿಕೊಂಡರು ಎಂಬುದನ್ನು ಮರೆಯಬಾರದು. ಆ ಇಬ್ಬರ ಯೋಗ್ಯತೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆಯ್ಕೆ ಸಮಿತಿಯ ಕೋಣೆಯಲ್ಲಿ ಕೇಳುವ ಪ್ರಶ್ನೆ ‘ಯಾರು ಹೆಚ್ಚು ದುಡಿದಿದ್ದಾರೆ’ ಎಂಬುದಲ್ಲ, ‘ಮುಂದಿನ ಐದು ವರ್ಷ ಯಾರು ಬೆಳೆಯುತ್ತಾರೆ’ ಎಂಬುದು. ದೇಶಿ ಕ್ರಿಕೆಟ್‌ನ ಆಲ್‌ರೌಂಡರ್ ತನ್ನ ಎರಡೂ ವಿದ್ಯೆಗಳನ್ನು ಹದಕ್ಕೆ ತರುವ ಹೊತ್ತಿಗೆ ಸಾಮಾನ್ಯವಾಗಿ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ದಾಟಿರುತ್ತಾನೆ. ಎರಡನೆಯ ಪ್ರಶ್ನೆ ಅವನಿಗೆ ಅನುಕೂಲವಾಗಿ ಕೇಳಿದ್ದಲ್ಲ.

ಇನ್ನೊಂದು ಅಡ್ಡಿಯೂ ಇದೆ, ಅದು ಆಲ್‌ರೌಂಡರ್‌ಗಳಿಗೇ ವಿಶಿಷ್ಟವಾದದ್ದು. ಆಯ್ಕೆಗಾರರು ಅವನನ್ನು ಮೊದಲು ಒಂದೇ ವಿದ್ಯೆಯ ತಕ್ಕಡಿಯಲ್ಲಿ ತೂಗುತ್ತಾರೆ. ಬ್ಯಾಟಿಂಗ್ ಮಾತ್ರ ನೋಡಿದರೆ ಸಕ್ಸೇನಾ ಆರಂಭಿಕರಾಗಿ ರಾಷ್ಟ್ರೀಯ ತಂಡದ ಹತ್ತಿರ ಬರುವವರಲ್ಲ. ಬೌಲಿಂಗ್ ಮಾತ್ರ ನೋಡಿದರೆ ಅಶ್ವಿನ್ ಇದ್ದರು. ಎರಡನ್ನೂ ಕೂಡಿಸಿದಾಗ ಮಾತ್ರ ಕಾಣುವ ಬೆಲೆಯನ್ನು ಆ ತಕ್ಕಡಿ ತೋರಿಸುವುದಿಲ್ಲ. ರಾಜ್ಯ ತಂಡದ ನಾಯಕನಿಗೆ ಅವರು ಒಬ್ಬರಲ್ಲಿ ಇಬ್ಬರು. ರಾಷ್ಟ್ರೀಯ ಆಯ್ಕೆಗಾರನಿಗೆ ಎರಡು ಅರ್ಧಗಳು.

ಆದ್ದರಿಂದ ಟೆಸ್ಟ್ ಕ್ಯಾಪ್ ಸಿಗದೇ ಹೋದದ್ದನ್ನು ನಾನು ದುರದೃಷ್ಟ ಎನ್ನುತ್ತೇನೆಯೇ ಹೊರತು ಅನ್ಯಾಯ ಎನ್ನುವುದಿಲ್ಲ. ಅನ್ಯಾಯ ಎಂದು ಒಪ್ಪಬಹುದಾದ ಸಂದರ್ಭ ಬೇರೆಯೇ ಇದೆ. 2022-23ರ ರಣಜಿ ಋತುವಿನಲ್ಲಿ ಅವರು ಕೇರಳದ ಪರ ಏಳು ಪಂದ್ಯಗಳಲ್ಲಿ 50 ವಿಕೆಟ್ ಪಡೆದರು. ಎಲೀಟ್ (ಮೇಲಿನ ದರ್ಜೆಯ) ಗುಂಪುಗಳಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಸಿಗಲಿಲ್ಲ. ಮರುವರ್ಷ ಬೆಂಗಳೂರಿನಲ್ಲಿ ನಡೆದ ದುಲೀಪ್ ಟ್ರೋಫಿಗೆ ದಕ್ಷಿಣ ವಲಯದ ತಂಡ ಪ್ರಕಟವಾದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ರಣಜಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವನನ್ನು ದುಲೀಪ್ ಟ್ರೋಫಿಗೆ ಆಯ್ಕೆ ಮಾಡದ ಉದಾಹರಣೆ ಹಿಂದೆಂದಾದರೂ ಇದೆಯೇ ಎಂದು ಅವರು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಕೇಳಿದರು. ಸಾಮಾನ್ಯವಾಗಿ ಸದ್ದು ಮಾಡದ ಮನುಷ್ಯ ಅವರು. ಹನುಮ ವಿಹಾರಿ ನಾಯಕತ್ವದ ದಕ್ಷಿಣ ವಲಯ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಶ್ಚಿಮ ವಲಯವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು, ಆದ್ದರಿಂದ ಆಯ್ಕೆ ಸರಿಯಾಗಿತ್ತು ಎಂದು ವಾದಿಸುವವರಿದ್ದಾರೆ. ಗೆಲುವು ಆ ಪ್ರಶ್ನೆಗೆ ಉತ್ತರವಲ್ಲ. ವಲಯ ತಂಡವಿರುವುದೇ ರಾಜ್ಯಮಟ್ಟದ ದುಡಿಮೆಯನ್ನು ಮುಂದಿನ ಮೆಟ್ಟಿಲಿಗೆ ಏರಿಸಲು. ಐವತ್ತು ವಿಕೆಟ್ ಆ ಒಂದು ಮೆಟ್ಟಿಲಿಗೂ ಸಾಲದು ಎಂದಾದರೆ ಎಷ್ಟು ಬೇಕೆಂದು ಆಟಗಾರನಿಗೆ ಯಾರಾದರೂ ಹೇಳಬೇಕಾಗುತ್ತದೆ.

ಪ್ರಶ್ನೆ: ಮಧ್ಯ ಪ್ರದೇಶದವರು ಕೇರಳಕ್ಕೆ ಆಡುವುದು, ಈಗ ಮಹಾರಾಷ್ಟ್ರಕ್ಕೆ ಹೋಗುವುದು ಬಾಡಿಗೆ ಆಟದಂತೆ ಕಾಣುವುದಿಲ್ಲವೇ? ಸ್ವಂತ ರಾಜ್ಯದ ಅಭಿಮಾನ ಎಂಬುದು ರಣಜಿಯಲ್ಲಿ ಉಳಿದಿದೆಯೇ?
— ಓದುಗರು, ಮಂಗಳೂರು

ಉತ್ತರ: ತಂಡವೊಂದು ಹೊರ ರಾಜ್ಯಗಳಿಂದ ಮೂವರನ್ನು ಸೇರಿಸಿಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ, ಮಾತೃ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಂದರೆ ಸಾಕು. ಬಾಡಿಗೆ ಎಂಬ ಮಾತು ಒಂದೆರಡು ಋತು ಆಡಿ ಹೊರಟುಹೋಗುವವರಿಗೆ ಒಪ್ಪಬಹುದು. ಸಕ್ಸೇನಾ 2016-17ರಲ್ಲಿ ಕೇರಳಕ್ಕೆ ಬಂದು ಒಂಬತ್ತು ಋತುಗಳನ್ನು ಅಲ್ಲೇ ಕಳೆದರು. ಅವರು ಬಂದಾಗ ಕೇರಳ ರಣಜಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ತಂಡ. 2017-18ರಲ್ಲಿ ಅದು ಮೊದಲ ಬಾರಿ ಕ್ವಾರ್ಟರ್ ಫೈನಲ್ ಕಂಡಿತು, ಮರುವರ್ಷ ಮೊದಲ ಬಾರಿ ಸೆಮಿಫೈನಲ್. ತರಬೇತುದಾರ ಡೇವ್ ವಾಟ್ಮೋರ್, ಸಚಿನ್ ಬೇಬಿ, ಬಾಸಿಲ್ ಥಂಪಿ, ಸಂದೀಪ್ ವಾರಿಯರ್ ಮೊದಲಾದ ಸ್ಥಳೀಯರು ಎಲ್ಲರಿಗೂ ಅದರಲ್ಲಿ ಪಾಲಿದೆ. ಆದರೆ 2018ರ ನವೆಂಬರ್‌ನಲ್ಲಿ ಆಂಧ್ರದ ವಿರುದ್ಧ ತುಂಬಾದಲ್ಲಿ ನಡೆದಂಥ ಪಂದ್ಯಗಳನ್ನು ನೋಡಿದರೆ ಯಾರ ಬೆನ್ನ ಮೇಲೆ ಹೊರೆಯಿತ್ತೆಂದು ಗೊತ್ತಾಗುತ್ತದೆ: ಆರಂಭಿಕನಾಗಿ ಶತಕ, ನಂತರ ಆಂಧ್ರದ ಎರಡನೆಯ ಇನಿಂಗ್ಸ್‌ನಲ್ಲಿ ಎಂಟು ವಿಕೆಟ್. ಆ ಪಂದ್ಯದಲ್ಲಿ ಉಳಿದವರಿಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ವಯಸ್ಸು ಮೂವತ್ತೇಳಾದ ಮೇಲೆ, 2024ರ ಫೆಬ್ರವರಿಯಲ್ಲಿ, ಅದೇ ತುಂಬಾದಲ್ಲಿ ಬಂಗಾಳದ ವಿರುದ್ಧ ಒಂದು ಇನಿಂಗ್ಸ್‌ನಲ್ಲಿ 68 ರನ್‌ಗಳಿಗೆ ಒಂಬತ್ತು ವಿಕೆಟ್ ಪಡೆದರು. ಆ ಋತುವಿನ ಕೇರಳ ತಂಡದಲ್ಲಿ ನಮ್ಮ ಶ್ರೇಯಸ್ ಗೋಪಾಲ್ ಕೂಡ ಇದ್ದರು ಎಂಬುದನ್ನು ಇಲ್ಲಿ ನೆನಪಿಸಬಹುದು. ಕರ್ನಾಟಕದ ಆ ಲೆಗ್ ಸ್ಪಿನ್ ಆಲ್‌ರೌಂಡರ್ ಒಂದು ವರ್ಷ ಅಲ್ಲಿ ಆಡಿ ಮರಳಿ ಬಂದರು. ಅವರನ್ನು ಬಾಡಿಗೆ ಆಟಗಾರ ಎಂದು ನಮ್ಮಲ್ಲಿ ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

2024-25ರ ಋತುವನ್ನು ಕೇರಳದ ಜನ ಬಹುಕಾಲ ಹೇಳಿಕೊಳ್ಳುತ್ತಾರೆ. ಪುಣೆಯಲ್ಲಿ ಜಮ್ಮು ಮತ್ತು ಕಾಶ್ಮೀರದ ವಿರುದ್ಧ ಮೊದಲ ಇನಿಂಗ್ಸ್‌ನ ಒಂದು ರನ್ ಮುನ್ನಡೆಯಿಂದ (ಇಂಥ ಪಂದ್ಯ ಡ್ರಾ ಆದರೆ ಆ ಮುನ್ನಡೆ ಪಡೆದವರೇ ಗೆದ್ದಂತೆ) ಸೆಮಿಫೈನಲ್‌ಗೆ ಬಂದ ತಂಡ, ಅಹಮದಾಬಾದ್‌ನಲ್ಲಿ ಗುಜರಾತ್ ವಿರುದ್ಧ 457 ರನ್ ಮಾಡಿ ಎದುರಾಳಿಯನ್ನು 455ಕ್ಕೆ ನಿಲ್ಲಿಸಿ ಎರಡು ರನ್ ಮುನ್ನಡೆಯಿಂದ ಫೈನಲ್‌ಗೆ ಹೋಯಿತು. ಕೊನೆಯ ವಿಕೆಟ್ ಬಿದ್ದ ಬಗೆ ಎಲ್ಲರಿಗೂ ನೆನಪಿರಬೇಕು: ಗುಜರಾತಿನ ನಾಗವಾಸವಾಲ ಬಲವಾಗಿ ಬೀಸಿದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲೆ ಹಾರಿ ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈಗೆ ಬಂತು. ಪತ್ರಿಕೆಗಳೆಲ್ಲ ಆ ಹೆಲ್ಮೆಟ್ ಬಗ್ಗೆ ಬರೆದವು. ಅದೇ ಇನಿಂಗ್ಸ್‌ನಲ್ಲಿ ಎಪ್ಪತ್ತರ ಆಸುಪಾಸು ಓವರ್ ಹಾಕಿ ನಾಲ್ಕು ವಿಕೆಟ್ ಪಡೆದ ಮೂವತ್ತೆಂಟರ ಸಕ್ಸೇನಾ ಬಗ್ಗೆ ಬರೆದದ್ದು ಕಡಿಮೆ. ನಾಗಪುರದ ಫೈನಲ್‌ನಲ್ಲಿ ವಿದರ್ಭ 379 ಮಾಡಿತು, ಕೇರಳ 342ಕ್ಕೆ ಔಟಾಯಿತು, ಪಂದ್ಯ ಡ್ರಾ ಆಗಿ ಪ್ರಶಸ್ತಿ ವಿದರ್ಭದ ಪಾಲಾಯಿತು. ವಿದರ್ಭದ ಪರವಾಗಿ ಎರಡನೆಯ ಇನಿಂಗ್ಸ್‌ನಲ್ಲಿ ಶತಕ ಹೊಡೆದು ಕೇರಳದ ಆಸೆಯನ್ನು ಮುಗಿಸಿದವರು ಕರುಣ್ ನಾಯರ್, ಅಂದರೆ ಕರ್ನಾಟಕದಲ್ಲಿ ಜಾಗ ಕಳೆದುಕೊಂಡು ಅಲ್ಲಿಗೆ ಹೋದವರು. ಕೇರಳದ ಪಾಳೆಯದಲ್ಲಿ ಬೌಲ್ ಮಾಡುತ್ತಿದ್ದ ಆದಿತ್ಯ ಸರ್ವಟೆ ಮೂಲತಃ ವಿದರ್ಭದವರು. ಆ ಫೈನಲ್‌ನ ಮಟ್ಟಿಗೆ ರಾಜ್ಯದ ಅಭಿಮಾನ ಎಂಬುದು ಹುಟ್ಟಿದ ಊರಿನ ವಿಷಯವಾಗಿರಲಿಲ್ಲ, ಆಡುವ ಐದು ದಿನಗಳ ವಿಷಯವಾಗಿತ್ತು.

ವಲಸೆಗೆ ಬೆಲೆಯೂ ಇದೆ. ಸಕ್ಸೇನಾ ಹನ್ನೊಂದು ಋತು ದುಡಿದು ಬಿಟ್ಟುಬಂದ ಮಧ್ಯ ಪ್ರದೇಶ, 2022ರ ಜೂನ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಮುಂಬೈಯನ್ನು ಸೋಲಿಸಿ ಮೊದಲ ರಣಜಿ ಕಿರೀಟ ಗೆದ್ದಿತು. ಆ ಸಂಭ್ರಮದ ಚಿತ್ರದಲ್ಲಿ ಅವರಿಲ್ಲ. 2025-26ರಲ್ಲಿ ಮಹಾರಾಷ್ಟ್ರಕ್ಕೆ ಹೋದಾಗ ಮೊದಲ ಪಂದ್ಯವೇ ತಿರುವನಂತಪುರದಲ್ಲಿ ಕೇರಳದ ವಿರುದ್ಧ ಬಂತು. ಮಹಾರಾಷ್ಟ್ರ ಖಾತೆ ತೆರೆಯುವ ಮೊದಲೇ ಮೂರು ವಿಕೆಟ್ ಕಳೆದುಕೊಂಡು, 18ಕ್ಕೆ ಐದು ಎಂಬಲ್ಲಿಗೆ ಬಂದು ನಿಂತಾಗ, ಋತುರಾಜ್ ಗಾಯಕ್ವಾಡ್ ಜೊತೆ ಶತಕದ ಜೊತೆಯಾಟ ಕಟ್ಟಿ ತಂಡವನ್ನು ಎತ್ತಿದವರು ಇವರೇ. ಋತುರಾಜ್ 91, ಸಕ್ಸೇನಾ 49. ಹಳೆಯ ತಂಡದ ಮೇಲೆ ಸಿಟ್ಟು ತೀರಿಸಿಕೊಂಡರು ಎಂದು ಬರೆಯುವುದು ಸುಲಭ. ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದ ಕೆಲಸವನ್ನೇ ಬೇರೆ ಬಣ್ಣದ ಟೋಪಿ ಹಾಕಿಕೊಂಡು ಮಾಡಿದರು ಎನ್ನುವುದೇ ಹೆಚ್ಚು ಸರಿ.

ಪ್ರಶ್ನೆ: ಐಪಿಎಲ್‌ನಲ್ಲಾದರೂ ಅವರಿಗೆ ಅವಕಾಶ ಸಿಕ್ಕಿತೇ?
— ಓದುಗರು, ತುಮಕೂರು

ಉತ್ತರ: ಹಲವು ತಂಡಗಳ ಪಟ್ಟಿಯಲ್ಲಿದ್ದರು, ಕಣಕ್ಕಿಳಿದದ್ದು ಒಮ್ಮೆ ಮಾತ್ರ: 2021ರ ಏಪ್ರಿಲ್‌ನಲ್ಲಿ, ಪಂಜಾಬ್ ಕಿಂಗ್ಸ್ ಪರವಾಗಿ, ಡೆಲ್ಲಿ ಕ್ಯಾಪಿಟಲ್ಸ್ ವಿರುದ್ಧ. ಇದರಲ್ಲಿ ಆಶ್ಚರ್ಯವೇನಿಲ್ಲ. ನಿಧಾನವಾಗಿ ದಾಂಡಿಗನ ತಾಳ್ಮೆ ಕೆಡಿಸುವ ಆಫ್ ಸ್ಪಿನ್ನರ್‌ಗೆ ನಾಲ್ಕು ಓವರ್‌ಗಳ ಆಟ ಹೇಳಿ ಮಾಡಿಸಿದ್ದಲ್ಲ, ಅದರಲ್ಲೂ ಎಡಗೈ ದಾಂಡಿಗರಿಲ್ಲದ ತಂಡದೆದುರು ನಾಯಕರು ಆಫ್ ಸ್ಪಿನ್ನರ್ ಕೈಗೆ ಚೆಂಡು ಕೊಡಲು ಹಿಂಜರಿಯುತ್ತಾರೆ.

ಪ್ರಶ್ನೆ: ನಮ್ಮ ಕರ್ನಾಟಕದಲ್ಲೂ ಇಂಥ ಆಲ್‌ರೌಂಡರ್‌ಗಳು ಇದ್ದರಲ್ಲವೇ? ನಮ್ಮೂರಿನ ಸುನಿಲ್ ಜೋಶಿಯವರನ್ನು ಸಕ್ಸೇನಾಗೆ ಹೋಲಿಸಬಹುದೇ?
— ಓದುಗರು, ಗದಗ

ಉತ್ತರ: ಹೋಲಿಸಬಹುದು, ಮತ್ತು ಹೋಲಿಸಿದರೆ ಸಮಯ ಎಂಬುದು ಎಷ್ಟು ದೊಡ್ಡ ಆಯ್ಕೆಗಾರ ಎಂಬುದು ಕಾಣುತ್ತದೆ. ಶಾಲೆಗೆ ಹೋಗುವ ಮೊದಲು ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಮರಳುತ್ತಿದ್ದ ಜೋಶಿಯವರ ಕಥೆ ನಿಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದ ಋತುವಿನಲ್ಲಿ ಅವರು ಐನೂರಕ್ಕೂ ಹೆಚ್ಚು ರನ್ ಮತ್ತು ಐವತ್ತಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಕೆಲವೇ ತಿಂಗಳಲ್ಲಿ, 1996ರ ಜೂನ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಟೆಸ್ಟ್ ಆಡುತ್ತಿದ್ದರು. ಅಂದರೆ ಒಂದು ಅಪೂರ್ವ ಋತುವಿಗೆ ತಕ್ಷಣ ಪ್ರತಿಫಲ ಸಿಕ್ಕಿತು, ಏಕೆಂದರೆ ಆಗ ಎಡಗೈ ಸ್ಪಿನ್ನರ್‌ನ ಜಾಗದಲ್ಲಿ ಯಾರೂ ಗಟ್ಟಿಯಾಗಿ ಕುಳಿತಿರಲಿಲ್ಲ. ಜೋಶಿ 15 ಟೆಸ್ಟ್, 69 ಏಕದಿನ ಪಂದ್ಯಗಳನ್ನಾಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್‌ಗಳಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ಪಡೆದದ್ದು, 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ 92 ರನ್ ಹೊಡೆದದ್ದು ಎರಡೂ ಆ ಅವಧಿಯವು. ಪ್ರಥಮ ದರ್ಜೆಯಲ್ಲಿ ಅವರದು 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್. ಬೌಲರ್ ಆಗಿ ಜೋಶಿ ಮೇಲು, ಬ್ಯಾಟ್ಸ್‌ಮನ್ ಆಗಿ ಸಕ್ಸೇನಾ. 2020ರಲ್ಲಿ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ಹೊತ್ತಿಗೆ ಸಕ್ಸೇನಾಗೆ ಮೂವತ್ತಮೂರು ದಾಟಿತ್ತು.

ನನ್ನ ಮಟ್ಟಿಗೆ ಸಕ್ಸೇನಾಗೆ ಹೆಚ್ಚು ಹತ್ತಿರದ ಹೋಲಿಕೆ ವಿಜಯ್ ಭಾರದ್ವಾಜ್. ಅವರದೂ ಆಫ್ ಸ್ಪಿನ್, ಅವರದೂ ದೀರ್ಘ ಇನಿಂಗ್ಸ್ ಕಟ್ಟುವ ಬ್ಯಾಟಿಂಗ್. 1998-99ರ ರಣಜಿಯಲ್ಲಿ 1,280 ರನ್ ಹೊಡೆದರು. ಆ ವರ್ಷದ ಫೈನಲ್ ಚಿನ್ನಸ್ವಾಮಿಯಲ್ಲಿ, ಎದುರಾಳಿ ಅದೇ ಮಧ್ಯ ಪ್ರದೇಶ, ನಾಯಕ ಚಂದ್ರಕಾಂತ್ ಪಂಡಿತ್. ಮೊದಲ ಇನಿಂಗ್ಸ್ ಮುನ್ನಡೆ ಅವರ ಕೈಯಲ್ಲಿತ್ತು, ಕೊನೆಯ ದಿನ ಡ್ರಾ ಮಾಡಿಕೊಂಡರೂ ಕಪ್ ಅವರದೇ. ಕನ್ನಡಕ ಧರಿಸಿದ ಭಾರದ್ವಾಜ್ 24 ರನ್‌ಗಳಿಗೆ ಆರು ವಿಕೆಟ್ ಪಡೆದು ಆ ಕಪ್ಪನ್ನು ಕರ್ನಾಟಕಕ್ಕೆ ತಂದರು. ಅದೇ ವರ್ಷ ಭಾರತದ ಪರ ಕಣಕ್ಕಿಳಿದು ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾದರು. ಮುಂದೆ ಮೂರು ಟೆಸ್ಟ್, ಒಟ್ಟು ಹತ್ತು ಏಕದಿನ ಪಂದ್ಯಗಳಿಗೆ ಎಲ್ಲವೂ ಮುಗಿಯಿತು. (ಪಂಡಿತ್ ಆ ಸೋಲಿನ ಲೆಕ್ಕವನ್ನು ಅದೇ ಮೈದಾನದಲ್ಲಿ, ಅದೇ ತಂಡದ ತರಬೇತುದಾರರಾಗಿ, 2022ರಲ್ಲಿ ಚುಕ್ತಾ ಮಾಡಿದರು.) ಭಾರದ್ವಾಜ್‌ಗೆ ಬಾಗಿಲು ತೆರೆದು ಬೇಗ ಮುಚ್ಚಿತು, ಸಕ್ಸೇನಾಗೆ ತೆರೆಯಲೇ ಇಲ್ಲ. ಯಾವುದು ಹೆಚ್ಚು ನೋವಿನದು ಎಂದು ಹೊರಗಿನವರು ತೀರ್ಮಾನಿಸುವುದು ಬೇಡ.

ಎಪ್ಪತ್ತರ ದಶಕದವರನ್ನು ಕೇಳಿದರೆ ಬಿ. ವಿಜಯಕೃಷ್ಣ ಅವರ ಹೆಸರು ಹೇಳುತ್ತಾರೆ. ಎಡಗೈ ಸ್ಪಿನ್ನರ್, ಹೊಡೆಯಬಲ್ಲ ದಾಂಡಿಗ, ಕರ್ನಾಟಕ ಮೊದಲ ಮೂರು ರಣಜಿ ಕಿರೀಟಗಳನ್ನು ಗೆದ್ದ ಕಾಲಘಟ್ಟದವರು. ಪ್ರಸನ್ನ ಮತ್ತು ಚಂದ್ರಶೇಖರ್ ರಾಜ್ಯ ತಂಡದಲ್ಲೇ ಇದ್ದುದರಿಂದ ಬೌಲಿಂಗ್ ಸರದಿಗೇ ಕಾಯಬೇಕು. ರಾಷ್ಟ್ರೀಯ ತಂಡದಲ್ಲಿ ಎಡಗೈ ಸ್ಪಿನ್ನರ್ ಎಂದರೆ ಬಿಷನ್ ಸಿಂಗ್ ಬೇಡಿ. 80 ಪ್ರಥಮ ದರ್ಜೆ ಪಂದ್ಯಗಳಲ್ಲಿ 194 ವಿಕೆಟ್, ಎರಡು ಸಾವಿರಕ್ಕೂ ಹೆಚ್ಚು ರನ್ ಗಳಿಸಿ, ಭಾರತದ ಪರ ಆಡದೆಯೇ ನಿವೃತ್ತರಾದರು, 2021ರಲ್ಲಿ ತೀರಿಕೊಂಡರು. ಇತ್ತೀಚಿನವರಲ್ಲಿ ಕೃಷ್ಣಪ್ಪ ಗೌತಮ್ ಇದ್ದಾರೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) ಬಳ್ಳಾರಿ ಟಸ್ಕರ್ಸ್ ಪರ ಒಂದೇ ಪಂದ್ಯದಲ್ಲಿ 56 ಎಸೆತಗಳಿಗೆ 134 ರನ್ ಹೊಡೆದು, ನಾಲ್ಕು ಓವರ್‌ಗಳಲ್ಲಿ 15 ರನ್‌ಗಳಿಗೆ ಎಂಟು ವಿಕೆಟ್ ಪಡೆದದ್ದು ಕನಸಿನಲ್ಲಿ ನಡೆಯುವಂಥ ಪಂದ್ಯ. ಅವರಿಗೆ ಸಿಕ್ಕಿದ್ದು ಒಂದು ಏಕದಿನ ಪಂದ್ಯ, 2021ರಲ್ಲಿ, ಶ್ರೀಲಂಕಾದಲ್ಲಿ.

ಪ್ರಶ್ನೆ: ನನ್ನ ಮಗ ಹದಿನಾರರವನು, ಆಫ್ ಸ್ಪಿನ್ ಹಾಕುತ್ತಾನೆ, ಐದನೆಯ ಕ್ರಮಾಂಕದಲ್ಲಿ ಆಡುತ್ತಾನೆ. ಎರಡನ್ನೂ ಹಿಡಿದುಕೊಂಡರೆ ಯಾವುದರಲ್ಲೂ ಮೇಲೆ ಬರುವುದಿಲ್ಲ, ಒಂದನ್ನು ಬಿಡಿಸಿ ಎಂದು ಕೆಲವರು ಹೇಳುತ್ತಾರೆ. ದೇಶಿ ಕ್ರಿಕೆಟ್‌ನಲ್ಲಷ್ಟೇ ಉಳಿದರೆ ಬದುಕು ನಡೆಯುತ್ತದೆಯೇ?
— ಪೋಷಕರು, ಹಾಸನ

ಉತ್ತರ: ಮೊದಲು ಹಣದ ವಿಷಯ. 2021ರಲ್ಲಿ ಮಂಡಳಿ ಪರಿಷ್ಕರಿಸಿದ ದರದಂತೆ, ನಲವತ್ತಕ್ಕಿಂತ ಹೆಚ್ಚು ರಣಜಿ ಪಂದ್ಯಗಳನ್ನಾಡಿದ ಹಿರಿಯನಿಗೆ ದಿನಕ್ಕೆ 60,000 ರೂಪಾಯಿ, ಇಪ್ಪತ್ತೊಂದರಿಂದ ನಲವತ್ತು ಪಂದ್ಯಗಳನ್ನಾಡಿದವನಿಗೆ 50,000, ಅದಕ್ಕಿಂತ ಕಡಿಮೆ ಆಡಿದವನಿಗೆ 40,000. ಹನ್ನೊಂದರಲ್ಲಿ ಇಲ್ಲದವರಿಗೆ ಅದರ ಅರ್ಧ. ಲೀಗ್ ಹಂತದಲ್ಲಿ ಏಳು ಪಂದ್ಯ, ಪಂದ್ಯಕ್ಕೆ ನಾಲ್ಕು ದಿನ. ಹೊಸಬನೊಬ್ಬ ಏಳನ್ನೂ ಆಡಿದರೆ ಹನ್ನೊಂದು ಲಕ್ಷದ ಮೇಲೆ ಬರುತ್ತದೆ, ಹಿರಿಯನಿಗೆ ಹದಿನೇಳು ಲಕ್ಷದ ಹತ್ತಿರ. ಏಕದಿನ ಮತ್ತು ಟಿ20 ಪಂದ್ಯಾವಳಿಗಳ ಸಂಭಾವನೆ ಬೇರೆ. ಸಕ್ಸೇನಾ ಆಟ ಆರಂಭಿಸಿದ ಕಾಲಕ್ಕೆ ಹೋಲಿಸಿದರೆ ಇದು ಮರ್ಯಾದೆಯ ಸಂಪಾದನೆ. ಆದರೆ ಇದು ಆಡಿದ ದಿನಕ್ಕೆ ಮಾತ್ರ ಸಿಗುವ ಹಣ ಎಂಬುದನ್ನು ಪೋಷಕರು ಚೆನ್ನಾಗಿ ತಿಳಿದಿರಬೇಕು. ಬೆರಳು ಮುರಿದು ಒಂದು ಋತು ಹೊರಗುಳಿದರೆ ಆ ವರ್ಷದ ಆದಾಯವೇ ಹೋಗುತ್ತದೆ. ರಾಜ್ಯ ಆಟಗಾರರಿಗೆ ರಾಷ್ಟ್ರೀಯ ಆಟಗಾರರಂತೆ ವಾರ್ಷಿಕ ಗುತ್ತಿಗೆ ಮಂಡಳಿಯಿಂದ ಇಲ್ಲ. ಆದ್ದರಿಂದ ಓದನ್ನು ಬಿಡಿಸಬೇಡಿ. ರೈಲ್ವೆ, ಬ್ಯಾಂಕ್, ಆದಾಯ ತೆರಿಗೆ ಇಲಾಖೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಪ್ರಯತ್ನಿಸುವಾಗಲೂ ಪದವಿ ಕೇಳುವ ಹುದ್ದೆಗಳಿರುತ್ತವೆ.

ಎರಡರಲ್ಲಿ ಒಂದನ್ನು ಬಿಡುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ, ಕನಿಷ್ಠ ಹದಿನಾರರಲ್ಲಿ. ರಾಜ್ಯ ತಂಡಗಳು ಎರಡೂ ಬಲ್ಲವನನ್ನು ಹುಡುಕುತ್ತವೆ. ಒಂದು ವಿದ್ಯೆ ಕೈಕೊಟ್ಟ ಪಂದ್ಯದಲ್ಲಿ ಇನ್ನೊಂದು ಅವನನ್ನು ತಂಡದಲ್ಲಿ ಉಳಿಸುತ್ತದೆ. ಸಕ್ಸೇನಾ ಎರಡು ದಶಕ ಆಡಲು ಸಾಧ್ಯವಾದದ್ದೇ ಇದರಿಂದ: ಆರಂಭಿಕನ ಕಣ್ಣು ಮತ್ತು ಕಾಲು ನಿಧಾನವಾದಾಗ ಅವರು ಬ್ಯಾಟಿಂಗ್ ಕ್ರಮಾಂಕದಲ್ಲಿ ಕೆಳಗೆ ಇಳಿದರು, ಅಷ್ಟರಲ್ಲಿ ಅವರ ಬೌಲಿಂಗ್ ಇನ್ನಷ್ಟು ಚೂಪಾಗಿತ್ತು. ಆದರೆ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ನಡೆಯುವಾಗ ನಿಮ್ಮ ಮಗನನ್ನು ಯಾವುದಾದರೂ ಒಂದರ ಬಲದಿಂದ ತೆಗೆದುಕೊಳ್ಳುವಂತಿರಬೇಕು. ಅವನು ಸ್ಪಿನ್ನರ್ ಆಗಿಯೇ ಹನ್ನೊಂದರೊಳಗೆ ಬರುವಷ್ಟು ಓವರ್ ಹಾಕುತ್ತಿದ್ದಾನೆಯೇ ಎಂದು ತರಬೇತುದಾರರನ್ನು ಕೇಳಿ. ಎರಡು ದಿನಗಳ ಲೀಗ್ ಪಂದ್ಯದಲ್ಲಿ ಅವನಿಗೆ ನಾಯಕ ಆರೇಳು ಓವರ್ ಮಾತ್ರ ಕೊಡುತ್ತಿದ್ದರೆ, ಅವನು ಬೌಲ್ ಮಾಡಬಲ್ಲ ದಾಂಡಿಗನೇ ಹೊರತು ಇನ್ನೂ ಆಲ್‌ರೌಂಡರ್ ಅಲ್ಲ. ಹಾಗಿದ್ದಲ್ಲಿ ಐದನೆಯ ಕ್ರಮಾಂಕದ ಆಸೆಯನ್ನು ಸ್ವಲ್ಪ ಬದಿಗಿಟ್ಟು, ಹೆಚ್ಚು ಓವರ್ ಸಿಗುವ ಕ್ಲಬ್‌ಗೆ ಸೇರಿಸುವುದು ಈ ಎರಡು ವರ್ಷಗಳಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ.